ಛೀ ಮಾವ ಎತ್ತದ ಮ್ಯಾಟು

ಕುದುರೆ ಸಾಗಿಸುವ ಗಾಡಿಯ ಡ್ರೈವರನಿಗೆ ಮೂಗು ಚುರುಕಾಗಿರಬಾರದು. ಛೀ ಮಾವನಿಗೆ ಚುರುಕಾಗಿದ್ದದ್ದೇ ಅದು. ಪಕ್ಕದ ಬೀದಿಯಲ್ಲಿ ಯಾರದೋ ಹಾಲು ಉಕ್ಕಿ ಸೀದರೆ ಇವನು ತನ್ನ ಮನೆಯ ಕಿಟಕಿ ಮುಚ್ಚುತ್ತಿದ್ದ. ಬಸ್ಸಿನ ಕಂಬಿಗೆ ಕರ್ಚೀಫು ಸುತ್ತಿ ಹಿಡಿಯುತ್ತಿದ್ದ. ಹೋಟೆಲಿನಲ್ಲಿ ಲೋಟ ಕೊಟ್ಟರೆ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ, "ಛೀ" ಎಂದು ಕೆಳಗಿಡುತ್ತಿದ್ದ. ಸವಾರಿ ಶಾಲೆಗೆ ಬರುವ ಮಕ್ಕಳು ಅವನಿಗೆ ಆ ಹೆಸರಿಟ್ಟಿದ್ದು ಸುಮ್ಮನಲ್ಲ. ಅವನ ಹೆಂಡತಿಯಂತೂ, "ಆ ಮೂಗನ್ನ ಬಾಗಿಲ ಹತ್ರ ಬಿಚ್ಚಿಟ್ಟು ಒಳಗೆ ಬನ್ರೀ, ಚಪ್ಪಲಿ ಜೊತೆ" ಎನ್ನುತ್ತಿದ್ದಳು.

ಅವನು ಮೊದಲು ಕಾರ್ಖಾನೆಯೊಂದರ ವ್ಯಾನು ಓಡಿಸುತ್ತಿದ್ದ. ಕಾರ್ಖಾನೆ ಮುಚ್ಚಿದಾಗ ಮನೆಯಲ್ಲಿ ಕೂತು, ಹೆಂಡತಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದು ಅವಳ ತಲೆ ತಿಂದ. ಕೊನೆಗೆ ಮಗಳೇ ದಾರಿ ತೋರಿಸಿದಳು. ಅವಳು ಸವಾರಿ ಶಾಲೆಯ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಕೆಲಸಕ್ಕಿದ್ದಳು. "ನಮ್ಮಪ್ಪ ಗಾಡೀನ ಕನ್ನಡಿ ತರ ಇಟ್ಕೋತಾರೆ ಸಾರ್. ನನ್ನ ಮಾತು ನಂಬಿ" ಎಂದು ಯಜಮಾನರ ಮುಂದೆ ನಿಂತು ಹೇಳಿ ಅವನಿಗೆ ಕೆಲಸ ಕೊಡಿಸಿದಳು. ಆ ಮಾತನ್ನು ಅವನು ಎರಡು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಕನ್ನಡಿಯ ಮಾತು ಸುಳ್ಳಲ್ಲ. ಜೀಪಿನ ಹಿಂದೆ ಕಟ್ಟುವ ಆ ಟ್ರೇಲರನ್ನು ಅವನು ವಾರವಾರವೂ ಸೋಪು ಹಾಕಿ ತಿಕ್ಕುತ್ತಿದ್ದ. ಬಿಳಿ ಬಣ್ಣ ಕಣ್ಣು ಕುಕ್ಕುವ ಹಾಗಿತ್ತು. ಚಕ್ರಗಳಿಗೆ ಕರಿ ಪಾಲಿಶ್, ಕೊಂಡಿಗಳಿಗೆ ಎಣ್ಣೆ, ಕುದುರೆ ನಿಲ್ಲುವ ಜಾಗದ ದಪ್ಪ ರಬ್ಬರ್ ಮ್ಯಾಟಿನ ಮೇಲೆ ಪೈಪಿನಿಂದ ನೀರು. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಆದರೆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಶನಿವಾರ ಆ ಮ್ಯಾಟನ್ನು ಪೂರ್ತಿ ಎತ್ತಿ ಹೊರಗೆ ಹಾಕಬೇಕು. ಕೆಳಗಿನ ಮರದ ಹಲಗೆಗಳನ್ನು ತೊಳೆದು, ಒಣಗಿಸಿ, ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಚುಚ್ಚಿ ಗಟ್ಟಿ ಇದೆಯೇ ನೋಡಬೇಕು. ಆಮೇಲೆ ಲಾಯದ ಗೋಡೆಯ ಕರಿಹಲಗೆಯಲ್ಲಿ 'ಮ್ಯಾಟು' ಎಂಬುದರ ಎದುರು ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಕುದುರೆಯ ಉಚ್ಚೆ ಮ್ಯಾಟಿನ ಅಂಚಿನಿಂದ ಇಳಿದು ಕೆಳಗೇ ನಿಲ್ಲುತ್ತದೆ. ಮೇಲಿಂದ ಎಷ್ಟು ನೀರು ಬಿಟ್ಟರೂ ಅದು ಹೋಗುವುದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ಶನಿವಾರ ಛೀ ಮಾವ ಮ್ಯಾಟಿನ ಒಂದು ಮೂಲೆಯನ್ನು ಎತ್ತಿದ. ಒಂದು ಗೇಣು ಎತ್ತಿದ್ದನೋ ಇಲ್ಲವೋ, ಕಣ್ಣಲ್ಲಿ ನೀರು ಬರಿಸುವ ಘಾಟು ಮುಖಕ್ಕೆ ಹೊಡೆಯಿತು. ಹಿಂದಿನ ಡ್ರೈವರ್ ಬಿಟ್ಟುಹೋದ ಮೇಲೆ ಯಾರೂ ಎತ್ತಿರಲಿಲ್ಲ, ಕೆಳಗೆ ಕಪ್ಪು ಲೋಳೆ. ಲೋಳೆಯಲ್ಲಿ ಬಿಳಿ ಹುಳುಗಳು ನಿಧಾನವಾಗಿ ಹೊರಳುತ್ತಿದ್ದವು. ಅವನು ಮ್ಯಾಟು ಬಿಟ್ಟು, ನಲ್ಲಿಯವರೆಗೆ ಓಡಿ, ಬೆಳಗ್ಗೆ ತಿಂದದ್ದನ್ನೆಲ್ಲ ಕಕ್ಕಿದ. ಬಾಯಿ ಮುಕ್ಕಳಿಸಿ, ಕೈಯನ್ನು ಮೂರು ಸಲ ತೊಳೆದು, ಕರಿಹಲಗೆಯ ಹತ್ತಿರ ಹೋಗಿ ಗುರುತು ಹಾಕಿದ. ಮುಂದಿನ ಶನಿವಾರ ಎತ್ತಿದರಾಯಿತು ಅಂದುಕೊಂಡ.

ಆ ಮುಂದಿನ ಶನಿವಾರ ಬರಲೇ ಇಲ್ಲ. ಗುರುತುಗಳು ಮಾತ್ರ ಬಂದವು. ಮಗಳು ಪ್ರತಿ ವಾರ ಲಾಯದ ಆ ತುದಿಯಿಂದ ಕೂಗುತ್ತಿದ್ದಳು, "ಅಪ್ಪಾ, ಮ್ಯಾಟು ಎತ್ತಿದ್ಯಾ?"

"ಎತ್ತಿದೆ ಕಣಮ್ಮಾ" ಎಂದು ಇವನು ಪೈಪು ಸುತ್ತುತ್ತ ಹೇಳುತ್ತಿದ್ದ. ಅವಳು ಬಂದು ನೋಡುತ್ತಿರಲಿಲ್ಲ. ಅಪ್ಪ ಹೇಳಿದ ಮೇಲೆ ನೋಡುವುದೇನು?

ಲಾಯದಲ್ಲಿ ಹದಿನೆಂಟು ವರ್ಷದ ಒಂದು ಕಂದು ಹೆಣ್ಣು ಕುದುರೆಯಿತ್ತು. ಎಲ್ಲ ಕುದುರೆಗಳಿಗಿಂತ ಹಿರಿಯಳು, ಎಲ್ಲರ ಮೇಲೂ ದರ್ಬಾರು ನಡೆಸುವವಳು. ಅದಕ್ಕೇ ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಮೊದಲ ಸಲ ಕುದುರೆ ಹತ್ತುವ, ಹೆದರಿ ಅಳುವ ಮಗುವನ್ನು ಅವಳ ಬೆನ್ನ ಮೇಲೆಯೇ ಕೂರಿಸುತ್ತಿದ್ದರು. ಮಗು ಜಾರಿದರೆ ದೊಡ್ಡಮ್ಮ ತಾನೇ ನಿಂತುಬಿಡುತ್ತಿದ್ದಳು. ಅವಳು ಯಾರನ್ನೂ ಒದ್ದದ್ದನ್ನು ಕಂಡವರಿಲ್ಲ. ಛೀ ಮಾವನ ಮಗಳಿಗೆ ಅವಳೆಂದರೆ ಪ್ರಾಣ.

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ದಿನ ದೊಡ್ಡಮ್ಮನ ಹಲ್ಲು ತೋರಿಸಲು ಕುದುರೆ ಆಸ್ಪತ್ರೆಗೆ ಹೋಗಬೇಕಿತ್ತು. ಬೆಳಗ್ಗೆ ಹತ್ತು ಗಂಟೆ. ಮಗಳು ಹಗ್ಗ ಹಿಡಿದು ಅವಳನ್ನು ಟ್ರೇಲರಿನ ಹತ್ತಿರ ತಂದಳು. ದೊಡ್ಡಮ್ಮ ಮುಂಗಾಲೊಂದನ್ನು ಒಳಗಿಟ್ಟಳು. ಒತ್ತಿ ನೋಡಿದಳು. ಕಾಲು ಹಿಂದಕ್ಕೆ ತೆಗೆದುಕೊಂಡು ಮೂಗರಳಿಸಿ ನಿಂತಳು.

"ಇವಳು ಹೀಗೆ ಯಾವತ್ತೂ ಮಾಡಿಲ್ಲ ಅಪ್ಪಾ" ಎಂದಳು ಮಗಳು. "ಒಳಗೆ ಏನೋ ಸರಿ ಇಲ್ಲ."

"ವಯಸ್ಸಾಯ್ತಲ್ಲ, ನಖರಾ. ಒಳಗೆ ಏನಿದೆ? ನೋಡು, ಫಳಫಳ ಹೊಳೀತಿದೆ" ಎಂದ ಛೀ ಮಾವ.

ಮೂರು ಸಲ ದೊಡ್ಡಮ್ಮ ಕಾಲಿಟ್ಟು ತೆಗೆದಳು. ನಾಲ್ಕನೆಯ ಸಲ ಛೀ ಮಾವನೇ ಅವಳ ಹಿಂಭಾಗಕ್ಕೆ ಹಗ್ಗ ಸುತ್ತಿ, ಮುಂದಿನಿಂದ ಎಳೆದು, ಒಳಗೆ ನುಗ್ಗಿಸಿದ. ಹಿಂದಿನ ಬಾಗಿಲು ಹಾಕಿ, ಬೆರಳಿಗೆ ಅಂಟಿದ ಕುದುರೆಯ ಬೆವರನ್ನು ಕರ್ಚೀಫಿಗೆ ಒರೆಸಿ, "ಛೀ" ಎಂದ.

ಊರು ದಾಟಿ ಹೆದ್ದಾರಿಗೆ ಬಂದರು. ಮಗಳು ಜೀಪಿನಲ್ಲಿ ಅವನ ಪಕ್ಕದಲ್ಲೇ ಕೂತಿದ್ದಳು. ಮೇಲ್ಸೇತುವೆ ಹತ್ತುತ್ತಿದ್ದಂತೆ ಹಿಂದಿನಿಂದ ಧಡ್ ಎಂದು ಒಂದು ಸದ್ದು. ಜೀಪು ಒಮ್ಮೆ ಜಗ್ಗಿದ ಹಾಗಾಯಿತು. ಆಮೇಲೆ ಧಡಧಡ, ಧಡಧಡ, ನಿಲ್ಲದ ಬಡಿತ.

"ನಿಲ್ಸಪ್ಪಾ! ಇದು ಒದೀತಿರೋ ಶಬ್ದ ಅಲ್ಲ."

"ಸೇತುವೆ ಮೇಲೆ ನಿಲ್ಸಿದ್ರೆ ಹಿಂದಿನೋರು ಬಂದು ಗುದ್ತಾರೆ. ದಾಟ್ಲಿ, ನಿಲ್ಸ್ತೀನಿ. ಬೆಳಗ್ಗಿಂದ ಅವಳದು ಇದೇ ಆಯ್ತು."

ಸೇತುವೆಯ ಇಳಿಜಾರಿನಲ್ಲಿ ಬೈಕಿನವನೊಬ್ಬ ಹಾರ್ನು ಒತ್ತಿಕೊಂಡೇ ಪಕ್ಕಕ್ಕೆ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. "ಅಣ್ಣಾ, ನಿಲ್ಸಿ! ಕುದುರೆ ಕಾಲು ಕೆಳಗೆ ಬಂದಿದೆ! ರೋಡಲ್ಲಿ ಎಳ್ಕೊಂಡು ಹೋಗ್ತಿದೀರಾ!"

ಛೀ ಮಾವನ ಕಾಲು ತಾನಾಗಿ ಬ್ರೇಕನ್ನು ಪೂರ್ತಿ ಒತ್ತಿತು. ಟ್ರೇಲರು ಅಡ್ಡಡ್ಡ ತಿರುಗಿ, ಜೀಪನ್ನೂ ಎಳೆದುಕೊಂಡು, ರಸ್ತೆಯ ನಡುವಿನ ಗೋಡೆಗೆ ಉಜ್ಜಿ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ಗೇಣಂತರದಲ್ಲಿ ತಪ್ಪಿಸಿಕೊಂಡು ಮುಂದೆ ಹೋಗಿ ನಿಂತಿತು. ಮಗಳು ಆಗಲೇ ಇಳಿದು ಓಡಿದ್ದಳು.

ಇವನೂ ಇಳಿದು ಬಗ್ಗಿ ನೋಡಿದ. ಮ್ಯಾಟು ಸರಿದ ಅಂಚಿನಲ್ಲಿ ತಳ ಕುಸಿದು, ಬಿಳಿ ಟ್ರೇಲರಿನ ಹೊಟ್ಟೆಯಿಂದ ಒಂದು ಹಿಂಗಾಲು ನೇತಾಡುತ್ತಿತ್ತು. ಗೊರಸಿನ ಅಂಚು ಸವೆದು ಹೋಗಿತ್ತು. ಮೊಣಕಾಲಿನಿಂದ ಕೆಳಗೆ ಚರ್ಮ ಸುಲಿದು ಕೆಂಪಗೆ ಹಸಿ ಮಾಂಸ ಕಾಣುತ್ತಿತ್ತು. ಸೇತುವೆಯ ಮೇಲಿಂದ ಅವರು ನಿಂತ ಜಾಗದವರೆಗೆ ರಸ್ತೆಯಲ್ಲಿ ಕೆಂಪು ಗೀರು. ಮೇಲಿನಿಂದ ದೊಡ್ಡಮ್ಮ ಕೂಗುತ್ತಿದ್ದಳು. ಕುದುರೆ ಹಾಗೆ ಕೂಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಜನ ಸೇರಿದರು. ಒಂದು ಕೈ ಸಹಾಯಕ್ಕೆ ಬರಲಿಲ್ಲ, ಹದಿನೈದು ಕೈಗಳಲ್ಲಿ ಮೊಬೈಲು ಬಂದವು. ಒಬ್ಬ ಐಸ್‌ಕ್ರೀಮು ನೆಕ್ಕುತ್ತಲೇ ಇನ್ನೊಂದು ಕೈಯಲ್ಲಿ ಚಿತ್ರ ತೆಗೆಯುತ್ತಿದ್ದ. ಇನ್ನೊಬ್ಬ, "ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್, ಕಾಲು ಕಾಣ್ತಿಲ್ಲ" ಎಂದ. ನಿಂತ ಕಾರೊಂದರ ಕಿಟಕಿಯಿಂದ ಒಬ್ಬಾಕೆ ಮಗುವನ್ನು ಎತ್ತಿ ತೋರಿಸುತ್ತಿದ್ದಳು. ಮನುಷ್ಯರ ಬಗ್ಗೆ ಹೇಸಿಗೆಯಾಗಲು ಇಷ್ಟು ಸಾಕು. ಛೀ ಮಾವನಿಗೂ ಆಯಿತು. ಆದರೆ ಯಾವಾಗಲೂ ನಾಲಿಗೆಯ ತುದಿಯಲ್ಲಿರುತ್ತಿದ್ದ ಆ ಮಾತು ಯಾಕೋ ಹೊರಡಲಿಲ್ಲ.

ಸಹಾಯಕ್ಕೆ ಬಂದವನು ಲಾರಿ ಡ್ರೈವರ್ ಒಬ್ಬನೇ. ಬೆವರು, ಡೀಸೆಲ್ಲು, ಬೀಡಿ ಎಲ್ಲ ಸೇರಿದ ನಾತ ಅವನ ಅಂಗಿಯಿಂದ ಬರುತ್ತಿತ್ತು. ಬೇರೆ ದಿನವಾಗಿದ್ದರೆ ಛೀ ಮಾವ ನಾಲ್ಕು ಮಾರು ದೂರ ಸರಿಯುತ್ತಿದ್ದ. ಲಾರಿಯವನು ಒಂದು ಮಾತೂ ಕೇಳದೆ ಜ್ಯಾಕು ತಂದು ಟ್ರೇಲರನ್ನು ಎತ್ತಿದ, ಗೊರಸು ನೆಲಕ್ಕೆ ತಾಗದ ಹಾಗೆ. ಮಗಳು ಮುಂದಿನ ಚಿಕ್ಕ ಬಾಗಿಲಿನಿಂದ ದೊಡ್ಡಮ್ಮನ ತಲೆ ತಬ್ಬಿಕೊಂಡು, "ಆಯ್ತು, ಆಯ್ತಮ್ಮಾ, ನಾನಿದೀನಿ" ಎನ್ನುತ್ತಿದ್ದಳು. ಮಗಳು ಫೋನು ಮಾಡಿದ್ದಕ್ಕೆ ಆಸ್ಪತ್ರೆಯಿಂದ ಕುದುರೆ ಡಾಕ್ಟರಮ್ಮ ಇಪ್ಪತ್ತು ನಿಮಿಷದಲ್ಲಿ ಬಂದರು. ದೊಡ್ಡಮ್ಮನಿಗೆ ಮಂಪರು ಬರಿಸುವ ಸೂಜಿ ಚುಚ್ಚಿ, ಕೆಳಗೆ ಬಗ್ಗಿ ನೋಡಿ, "ಕಾಲು ಮೇಲೆ ಎತ್ಬೇಕಾದ್ರೆ ಸುತ್ತಲಿನ ಹಲಗೆ ಬಿಡಿಸ್ಬೇಕು. ಯಾರಾದ್ರೂ ಕೆಳಗೆ ಹೋಗಿ" ಎಂದರು.

ಛೀ ಮಾವ ಹೋದ. ಬೆನ್ನ ಮೇಲೆ ತೆವಳಿಕೊಂಡು ಟ್ರೇಲರಿನ ಅಡಿಗೆ ಹೋದ. ರಕ್ತ ಅವನ ಕತ್ತಿಗೆ ಬಿತ್ತು. ಎರಡು ವರ್ಷದ ಉಚ್ಚೆಯ ಲೋಳೆ ಹಣೆಗೆ, ತುಟಿಗೆ ಬಿತ್ತು. ಹಲಗೆ ಒಡೆಯಲು ಲಾರಿ ಡ್ರೈವರ್ ಕೊಟ್ಟ ಕಬ್ಬಿಣದ ಸರಳು ಅವನ ಕೈಯಲ್ಲಿತ್ತು.

ಸರಳು ಬೇಕಾಗಲಿಲ್ಲ. ಬೆರಳು ಒತ್ತಿದರೆ ಹಲಗೆಯೊಳಗೆ ಹೋಯಿತು. ಹಿಡಿದು ಎಳೆದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಕಳಚಿ ಮುಖದ ಮೇಲೆ ಬಿತ್ತು. ಹಿಡಿ ಹಿಡಿಯಾಗಿ ಬಂತು. ಅದರಲ್ಲಿ ಅವೇ ಬಿಳಿ ಹುಳುಗಳು ಇದ್ದವು. ಇದರ ಮೇಲೆ ಕಾಲಿಟ್ಟು ದೊಡ್ಡಮ್ಮ ಮೂರು ಸಲ ಹೇಳಿದ್ದಳು, ಬರುವುದಿಲ್ಲ ಎಂದು. ಹಗ್ಗ ಸುತ್ತಿ ಎಳೆದವನು ಅವನು. ಛೀ ಮಾವನಿಗೆ ವಾಂತಿ ಬರಲಿಲ್ಲ. ಅವನು ಬಾಯಿ ಬಿಗಿಹಿಡಿದು ಹಲಗೆ ಕೀಳುತ್ತಲೇ ಹೋದ. ಹೇಸಿಗೆ ಈಗ ಹೊರಗಿನದಾಗಿರಲಿಲ್ಲ, ನಲ್ಲಿಯ ಹತ್ತಿರ ಓಡಿದರೆ ಹೋಗುವಂಥದೂ ಆಗಿರಲಿಲ್ಲ.

ಕಿಂಡಿ ದೊಡ್ಡದಾದ ಮೇಲೆ ಲಾರಿ ಡ್ರೈವರ್ ಕೆಳಗಿನಿಂದ ಕಾಲನ್ನು ಮೇಲಕ್ಕೆ ತಳ್ಳಿದ, ಮಗಳು ಮೇಲೆ ಲಾರಿಯಿಂದ ತಂದ ದಪ್ಪ ಹಲಗೆಯೊಂದನ್ನು ಕಾಲಿನಡಿ ಅಡ್ಡ ಸರಿಸಿದಳು. ಡಾಕ್ಟರಮ್ಮ ಕಾಲನ್ನು ತಡವಿ ನೋಡಿ, ನಿಟ್ಟುಸಿರು ಬಿಟ್ಟರು. "ಮೂಳೆ ಮುರಿದಿಲ್ಲ. ಗೊರಸು ಬೆಳೀಬೇಕು, ಗಾಯ ಮಾಗ್ಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ, ಆದ್ರೆ ಬದುಕ್ತಾಳೆ."

ಯಜಮಾನರು ಬಂದದ್ದು ಆಗ. ಬಂದವರು ಕುದುರೆಯನ್ನು ನೋಡಲಿಲ್ಲ. ಮೊಬೈಲು ಹಿಡಿದು ನಿಂತ ಜನರನ್ನು ನೋಡಿದರು. ಛೀ ಮಾವನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು, "ಗಾಡಿ ತಳ ಕೊಳೆತಿತ್ತು ಅಂತ ಗೊತ್ತಾದ್ರೆ ನಾಳೆಯಿಂದ ಒಂದು ಮಗೂನೂ ಶಾಲೆಗೆ ಬರಲ್ಲ. ಕುದುರೆ ಕೆರಳಿ ಒದ್ದು ಹಲಗೆ ಮುರೀತು ಅಂದ್ರೆ ಮುಗೀತು. ನೀವೇನೂ ಹೆದರ್ಬೇಡಿ. ಕರಿಹಲಗೆ ಮೇಲೆ ನಿಮ್ಮ ಗುರುತು ಇದ್ಯಲ್ಲ, ಒಂದು ವಾರಾನೂ ತಪ್ಪಿಲ್ಲ."

"ದೊಡ್ಡಮ್ಮ?" ಎಂದ ಛೀ ಮಾವ.

"ಒದೆಯೋ ಕುದುರೇನ ಮಕ್ಕಳ ಹತ್ರ ಇಡಕ್ಕಾಗುತ್ತಾ? ಹೇಗೂ ಗಾಯ ಆಗಿದೆ, ವಯಸ್ಸೂ ಆಗಿದೆ. ಒಂದು ಸೂಜಿ ಹಾಕಿಸಿದ್ರೆ ನೋವಿಲ್ದೆ ಹೋಗುತ್ತೆ." ಹೇಳಿ, ಡಾಕ್ಟರಮ್ಮನ ಕಡೆ ತಿರುಗಿ ಹಲ್ಲು ಕಿರಿದರು. "ಕೆರಳಿಬಿಟ್ಟಿತ್ತು ಮೇಡಮ್, ನಮ್ಮ ಡ್ರೈವರೇ ನೋಡಿದಾರೆ. ಇಂಥದನ್ನ ಉಳಿಸ್ಕೊಳ್ಳೋದು ಅಪಾಯ."

ಛೀ ಮಾವ ಆ ಹಲ್ಲುಗಳನ್ನು ನೋಡಿದ. ಜೀವಮಾನದಲ್ಲಿ ಇಷ್ಟು ಕೊಳಕಾದದ್ದನ್ನು ನೋಡಿರಲಿಲ್ಲ ಎನಿಸಿತು. ಮರುಕ್ಷಣವೇ, ನೋಡಿದ್ದೇನೆ ಎನಿಸಿತು. ಈ ಮನುಷ್ಯ ಸುಳ್ಳು ಹೇಳಲು ಶುರುಮಾಡಿ ಐದು ನಿಮಿಷ. ತಾನು ನೂರು ಶನಿವಾರ ಹೇಳಿದ್ದೇನೆ, ಅದೂ ಮಗಳ ಮುಖಕ್ಕೆ.

ಡಾಕ್ಟರಮ್ಮ ಅವನನ್ನೇ ನೇರವಾಗಿ ಕೇಳಿದರು, "ಒದೀತಾ?"

ಟ್ರೇಲರಿನೊಳಗೆ ಮತ್ತಿನಲ್ಲಿ ತೂಗಾಡುತ್ತಿದ್ದ ದೊಡ್ಡಮ್ಮನನ್ನು ಹೆಗಲಿನಿಂದ ಆನಿಸಿಕೊಂಡು ಮಗಳು ಇತ್ತ ನೋಡುತ್ತಿದ್ದಳು. ಅಪ್ಪ ಏನು ಹೇಳುತ್ತಾನೆ ಎಂಬ ಅನುಮಾನ ಅವಳ ಮುಖದಲ್ಲಿರಲಿಲ್ಲ. ಇನ್ನೂ ನಂಬಿಕೆಯೇ ಇತ್ತು. ಅದನ್ನು ನೋಡಲಾಗದೆ ಅವನು ತಲೆ ತಗ್ಗಿಸಿದ.

"ಇಲ್ಲಮ್ಮಾ" ಎಂದ. "ಅವಳು ಒದೀಲಿಲ್ಲ. ನಿಂತಲ್ಲೇ ಕುಸೀತು. ನಾನು ಮ್ಯಾಟು ಎತ್ತೇ ಇಲ್ಲ. ಎರಡು ವರ್ಷದಿಂದ ಎತ್ತಿಲ್ಲ. ಗಲೀಜು ಅಂತ ಬಿಟ್ಟೆ. ಗುರುತು ಹಾಕಿದ್ದೆಲ್ಲ ಸುಳ್ಳು."

ಡಾಕ್ಟರಮ್ಮ ಸೂಜಿಯ ಪೆಟ್ಟಿಗೆ ಮುಚ್ಚಿ, ಗಾಯಕ್ಕೆ ಬಟ್ಟೆ ಸುತ್ತತೊಡಗಿದರು.

ಮಗಳು ಕೆಳಗಿಳಿದು ಬಂದಳು. ಅವನು ಕಾದ. ಬೈಯಲಿ, ಅಳಲಿ, ತನ್ನದೇ ಮಾತನ್ನು ತನ್ನ ಮುಖಕ್ಕೆ ಎಸೆಯಲಿ ಎಂದು ಕಾದ. ಛೀ ಎಂದಿದ್ದರೂ ಸಾಕಾಗಿತ್ತು.

"ಪ್ರತಿ ವಾರ ಕೇಳ್ತಿದ್ದೆ" ಎಂದಳು ಅಷ್ಟೆ. ಆಸ್ಪತ್ರೆಯ ಗಾಡಿ ಬಂದಾಗ ದೊಡ್ಡಮ್ಮನ ಜೊತೆ ಅದರಲ್ಲೇ ಹೋದಳು.

ಡ್ರೈವರ್ ಕೆಲಸ ಹೋಯಿತು. ಆದರೆ ಅವನು ಶಾಲೆ ಬಿಡಲಿಲ್ಲ. ಲಾಯದ ಲದ್ದಿ ತೆಗೆಯುವ ಕೆಲಸವನ್ನು ತಾನೇ ಕೇಳಿ ಪಡೆದ. ಸುದ್ದಿ ತಿಳಿದು ಅರ್ಧ ಮಕ್ಕಳು ಬರುವುದು ನಿಲ್ಲಿಸಿದ್ದರು, ಹಾಗಾಗಿ ಕಡಿಮೆ ಸಂಬಳಕ್ಕೆ ಸಿಕ್ಕವನನ್ನು ಯಜಮಾನರೂ ಬೇಡವೆನ್ನಲಿಲ್ಲ. ದೊಡ್ಡಮ್ಮ ಆರು ತಿಂಗಳಿಗೆ ಕುಂಟುತ್ತ ಮರಳಿದಳು. ಅವಳ ಗಾಯ ತೊಳೆಯುವುದು, ಕೀವು ಒರೆಸುವುದು, ಕಾಲಡಿಗೆ ಒಣಹುಲ್ಲು ಹಾಸುವುದು ಎಲ್ಲ ಅವನೇ, ಬರಿಗೈಯಲ್ಲಿ. ಅವನ ಬಾಯಲ್ಲಿ ಛೀ ಎಂಬ ಮಾತನ್ನು ಮತ್ತೆ ಯಾರೂ ಕೇಳಿಲ್ಲ. ಹೆಸರು ಮಾತ್ರ ಹಾಗೇ ಉಳಿದಿದೆ, ಹೊಸ ಮಕ್ಕಳಿಗೆ ಅದು ಯಾಕೆ ಬಂತೆಂದು ಗೊತ್ತಿಲ್ಲ.

ಈಗ ಹೊಸ ಟ್ರೇಲರು ಬಂದಿದೆ. ಪ್ರತಿ ಶನಿವಾರ ಅದರ ಮ್ಯಾಟನ್ನು ಎತ್ತುವವನು ಅವನೇ. ಎತ್ತಿ, ತೊಳೆದು, ಹಲಗೆ ಒಣಗಿಸಿ, ಚುಚ್ಚಿ ನೋಡಿ, ಮತ್ತೆ ಹಾಸುತ್ತಾನೆ. ಕರಿಹಲಗೆಯ ಹತ್ತಿರ ಹೋಗುವುದಿಲ್ಲ, ಟ್ರೇಲರಿನ ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಾನೆ. ಮಗಳು ಸ್ಕ್ರೂಡ್ರೈವರ್ ಹಿಡಿದು ಬರುತ್ತಾಳೆ. ಮನೆಯಲ್ಲಿ ಅವನಿಗೆ ಊಟ ಬಡಿಸುತ್ತಾಳೆ, ಜ್ವರ ಬಂದರೆ ಮಾತ್ರೆ ತಂದುಕೊಡುತ್ತಾಳೆ, ನಗುವುದೂ ಉಂಟು. ಆದರೆ ಇಲ್ಲಿ ಅವಳು ಏನೂ ಕೇಳುವುದಿಲ್ಲ. ಅಪ್ಪ ಈಗಷ್ಟೇ ಹಾಸಿದ ಮ್ಯಾಟನ್ನು ಮತ್ತೆ ಪೂರ್ತಿ ಎತ್ತಿ ನೋಡುತ್ತಾಳೆ.