ನೈವೇದ್ಯ ಆಗದ ಚಕ್ಕುಲಿ

ಇಸಳೂರಿನ ಗಣಪಣ್ಣನಿಗೆ ತೂಕ ಹೆಚ್ಚಾದದ್ದರ ದುಃಖವಿರಲಿಲ್ಲ. ಅವನ ದುಃಖ ಪಂಕ್ತಿಯದು. ಮೊಣಕಾಲು ಮಡಚಲಾಗದೆ, ಊಟದ ಮನೆಗಳಲ್ಲಿ ನೆಲದ ಸಾಲಿನಿಂದ ಮೂಲೆಯ ಟೇಬಲ್ಲಿಗೆ, ಹಲ್ಲಿಲ್ಲದ ಅಜ್ಜಂದಿರ ಜೊತೆಗೆ ವರ್ಗವಾಗಿದ್ದ. ತಮಾಷೆ, ಒತ್ತಾಯ ಎಲ್ಲ ನೆಲದಲ್ಲೇ ಮುಗಿದು, ಟೇಬಲ್ಲಿಗೆ ಬರುವುದು ಮಜ್ಜಿಗೆ. ನಾನೂ ಅದೇ ಟೇಬಲ್ಲಿನವನಾದ್ದರಿಂದ ಅಧಿಕಾರದಿಂದಲೇ ಹೇಳಬಲ್ಲೆ.

ಸಿರಸಿಯ ಡಾಕ್ಟರು ಬೈಯಲಿಲ್ಲ. ತಿಂಡಿ ಕಂಡರೆ ಮಿದುಳಿನ ಒಂದು ಭಾಗ ಬೇಕೆಂದು ಓಡುತ್ತದೆ, ಹಣೆಯ ಹಿಂದಿನ ಭಾಗ ಸಾಕೆಂದು ಬ್ರೇಕು ಹಾಕುತ್ತದೆ. ಕೆಲವರಲ್ಲಿ ಆ ಬ್ರೇಕು ಬೇಗ ಸೋಲುತ್ತದೆ, ದಣಿದ ಸಂಜೆಯಂತೂ ಇನ್ನಷ್ಟು ಎಂದರು. ತನ್ನದು ಅರಬೈಲ್ ಘಟ್ಟ ಇಳಿಯುವ ಲಾರಿ ಎಂದು ಗಣಪಣ್ಣ ಒಪ್ಪಿಕೊಂಡ. ಅಂಗಡಿ ಮುಚ್ಚಿ ಬಂದ ಸಂಜೆಗಳಲ್ಲಿ ಚಕ್ಕುಲಿ ಡಬ್ಬದ ತಳ ಕಂಡ ಮೇಲೇ ಅವನ ಕೈ ನಿಲ್ಲುತ್ತಿದ್ದದ್ದು.

ಆದರೆ ತಂಗಿಯ ಮನೆಯ ಸತ್ಯನಾರಾಯಣ ಪೂಜೆಯ ದಿನ ಒಂದು ವಿಚಿತ್ರವಾಯಿತು. ಗಣಪಣ್ಣ ಬೆಳಗಿನಿಂದ ಹೂರಣದ ಉಂಡೆ ಕಟ್ಟಿದರೂ ಚೂರೂ ಬಾಯಿಗೆ ಹೋಗಲಿಲ್ಲ. ನೈವೇದ್ಯವಾಗುವ ತನಕ ನಮ್ಮಲ್ಲಿ ಉಪ್ಪು ನೋಡುವುದಕ್ಕೂ ನಾಲಿಗೆಗೆ ತಾಗಿಸುವಂತಿಲ್ಲ. ತಿನ್ನಬೇಕೆಂದು ಅನ್ನಿಸಲೂ ಇಲ್ಲವಂತೆ. ಬ್ರೇಕು ತುಳಿಯುವ ಮೊದಲೇ ಲಾರಿ ನಿಂತಿತ್ತು.

ಮನೆಗೆ ಬಂದವನೇ ಚಕ್ಕುಲಿ ಡಬ್ಬವನ್ನು ದೇವರ ಕೋಣೆಗೆ ಸಾಗಿಸಿ, ನೈವೇದ್ಯವಾಗದೆ ಮುಟ್ಟುವುದಿಲ್ಲ ಎಂದು ಹೆಂಡತಿ ಸೀತಮ್ಮನೆದುರು ಘೋಷಿಸಿದ. ಆ ಸಂಜೆ ಮುಟ್ಟಲೂ ಇಲ್ಲ. ಮರುದಿನ ಪೂಜೆಗೆ ಕೂತವನು ಮುಚ್ಚಳ ತೆಗೆದು ಇಡೀ ಡಬ್ಬವನ್ನೇ ನೈವೇದ್ಯ ಮಾಡಿಬಿಟ್ಟ. ಮಧ್ಯಾಹ್ನಕ್ಕೆ ಡಬ್ಬ ಖಾಲಿ.

“ಪ್ರಸಾದ ಬ್ಯಾಡ ಹೇಳಲೆ ಆಗ್ತನೇ?” ಎಂದ.

ಸೀತಮ್ಮ ವಾದಕ್ಕಿಳಿಯಲಿಲ್ಲ. ಹೊಸ ಚಕ್ಕುಲಿ ಕರಿದ ದಿನ ಪುಟ್ಟ ಬಟ್ಟಲಲ್ಲಿ ಒಂದನ್ನಷ್ಟೇ ದೇವರ ಮುಂದಿಟ್ಟಳು.

“ದೇವ್ರಿಗೆ ಇಷ್ಟೇ ಸಾಕಡ. ಡಬ್ಬದಲ್ಲಿಪ್ಪದು ನೈವೇದ್ಯ ಆಜಿಲ್ಲೆ.”

ಗಣಪಣ್ಣ ನೈವೇದ್ಯವಾಗದ ಡಬ್ಬ ನೋಡಿದ, ದೇವರನ್ನು ನೋಡಿದ, ಬಟ್ಟಲು ಎತ್ತಿಕೊಂಡ. ಅಂದಿನಿಂದ ಬಟ್ಟಲಿನದೇ ಕಾನೂನು. ಡಾಕ್ಟರು ಕೇಳಿ ನಕ್ಕರು. ಹಣೆಯ ಹಿಂದಿನ ಬ್ರೇಕಿನ ಕೆಲಸವನ್ನು ಒಂದು ರೂಢಿಯೇ ಮಾಡಿಕೊಡುವುದಾದರೆ ಹಾಗೇ ನಡೆಯಲಿ ಎಂದರಂತೆ. ತೂಕ ನಿಧಾನವಾಗಿ ಇಳಿಯಿತು.

ಮೊನ್ನೆ ಯಲ್ಲಾಪುರದ ಉಪನಯನದಲ್ಲಿ ಗಣಪಣ್ಣ ನೆಲಕ್ಕೆ ಕೂತ. ಮೊಣಕಾಲು ಸದ್ದು ಮಾಡಿತು, ಆದರೆ ಮಡಚಿತು. ಒಂದು ಹೋಳಿಗೆ ತಿಂದ. ಎರಡನೆಯ ಸಲ ಬಡಿಸುವವನು ಒತ್ತಾಯ ಮಾಡಿದಾಗ ಎಲೆಗೆ ಕೈ ಅಡ್ಡ ಹಿಡಿದು ಬೀಗಿದ. ಅವನಿಗೆ ಬೇಕಿದ್ದದ್ದು ಆ ಒತ್ತಾಯವೇ.

“ಯಂಗೆ ಸಾಕು ಮಾರಾಯ. ಆ ಟೇಬಲ್ಲಿಗೆ ಬಡಸು.”

ಹೋಳಿಗೆಯ ಪಾತ್ರೆ ನನ್ನ ಕಡೆ ಬಂತು. ಆ ಹೊತ್ತಿಗೆ ನನ್ನ ಹಣೆಯ ಹಿಂದೆ ಬ್ರೇಕು ತುಳಿಯುವವರು ಯಾರೂ ಇರಲಿಲ್ಲ.