ರಂಗಪ್ರವೇಶಕ್ಕಾಗಿ ಉಳಿಸಿಕೊಂಡ ಹಲ್ಲು

ದಂತವೈದ್ಯರು ಹೇಳಿದ್ದನ್ನು ನಾನು ನಿನ್ನಿಂದ ಮುಚ್ಚಿಟ್ಟೆ, ಮೇಘಾ. ಮರೆತದ್ದಲ್ಲ, ಅರ್ಥವಾಗದೆ ಹೋದದ್ದೂ ಅಲ್ಲ — ನಿನ್ನ ಅಮ್ಮ ಬೇಕೆಂದೇ ಮುಚ್ಚಿಟ್ಟಳು.

ನಿನಗಾಗ ಹದಿನೇಳು. ನಮ್ಮೂರು ಪ್ಲಿಮತ್‌ನ ಕ್ಲಿನಿಕ್ಕಿನಲ್ಲಿ ನೀನು ಹೊರಗೆ ಕೋಟು ಹಾಕಿಕೊಳ್ಳುತ್ತಿದ್ದಾಗ ಡಾಕ್ಟರು ನನ್ನನ್ನು ಕರೆದು ಎಕ್ಸ್‌ರೇ ತೋರಿಸಿದರು. ಕೆಳಗಿನ ಎರಡೂ ಬುದ್ಧಿಹಲ್ಲುಗಳು ಒಸಡಿನೊಳಗೇ ಅಡ್ಡ ಮಲಗಿದ್ದವು. ಬಲಗಡೆಯದು ಪಕ್ಕದ ದವಡೆಹಲ್ಲನ್ನು ನೂಕುತ್ತಿತ್ತು. ಬೇರು ಇನ್ನೂ ಪೂರ್ತಿ ಬೆಳೆದಿಲ್ಲ, ಈಗಲೇ ತೆಗೆಸಿದರೆ ಸುಲಭ, ಬೆಳೆದರೆ ತುಟಿಯ ನರದ ತನಕ ಹೋಗಬಹುದು ಎಂದು ಬಿಡಿಸಿ ಹೇಳಿದರು. ನಾನು ತಲೆಯಾಡಿಸುತ್ತ ಕೂತಿದ್ದೆ. ಮನಸ್ಸಿನಲ್ಲಿದ್ದದ್ದು ನಿನ್ನ ರಂಗಪ್ರವೇಶ — ಉಳಿದದ್ದು ಎರಡೇ ವಾರ, ಮೈಸೂರಿನಿಂದ ಮೃದಂಗದವರು ಬಂದಿಳಿದಾಗಿತ್ತು. ಊದಿದ ಕೆನ್ನೆ ಹೊತ್ತು ವೇದಿಕೆ ಹತ್ತುವುದೇ? ಬಂದವರು ಏನಂದಾರು? ಅದೇ, ಅಷ್ಟೇ ನನ್ನ ಚಿಂತೆ!

ಕಾರಿನಲ್ಲಿ ನೀನು ಕೇಳಿದೆ, "ಅಮ್ಮಾ, ವಾಟ್ ಡಿಡ್ ಹೀ ಸೇ?"

"ಏನಿಲ್ಲ ಪುಟ್ಟಿ, ಎಲ್ಲಾ ಸರಿಯಾಗಿದೆ ಅಂದ್ರು."

ಆಮೇಲಾದರೂ ಹೇಳಬಹುದಿತ್ತು. ಆದರೆ ರಂಗಪ್ರವೇಶವಾದ ಮೇಲೆ ಯುಗಾದಿ, ಅದಾದ ಮೇಲೆ ಕನ್ನಡ ಕೂಟದ ಕಾರ್ಯಕ್ರಮ — ಒಂದಾದ ಮೇಲೊಂದು ನಿನ್ನನ್ನು ಕುಣಿಸಿದೆ. ಆರು ತಿಂಗಳ ಚೆಕಪ್ಪನ್ನೂ ನಾನೇ ಕ್ಯಾನ್ಸಲ್ ಮಾಡಿಸಿದೆ, ಡಾಕ್ಟರು ನಿನ್ನೆದುರೇ ಕೇಳಿಬಿಟ್ಟರೆ ಎಂದು. ಎಂಥ ಹೆಂಗಸು ನಾನು! ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಎರಡು ವರ್ಷಕ್ಕೆ ಅಲ್ಲಿ ಕೀವು ತುಂಬಿತು. ಜ್ವರದಲ್ಲಿ ಬಾಯಿ ತೆರೆಯಲಾರದೆ ನೀನು ಆಸ್ಪತ್ರೆ ಸೇರಿದೆ. ಪಕ್ಕದ ಹಲ್ಲೂ ಹೋಯಿತು. ಬೇರು ನರಕ್ಕೆ ಸುತ್ತಿಕೊಂಡಿತ್ತಂತೆ, ಆಪರೇಷನ್ ಮಾಡಿ ತೆಗೆಯುವಾಗ ನರಕ್ಕೆ ಪೆಟ್ಟಾಯಿತು. ಕೆಳತುಟಿಯ ಬಲಭಾಗ ಇಂದಿಗೂ ಮರಗಟ್ಟಿದೆ. ಕಾಫಿ ಸೋರಿದರೂ ನಿನಗೆ ತಿಳಿಯುವುದಿಲ್ಲ. "ನಗುತ್ತಿದ್ದೇನೋ ಇಲ್ಲವೋ ನನಗೇ ಗೊತ್ತಾಗುವುದಿಲ್ಲ" ಎಂದು ನೀನು ಅಭಿನಯವನ್ನೇ ಬಿಟ್ಟುಬಿಟ್ಟೆ. ಯಾವ ನೃತ್ಯಕ್ಕಾಗಿ ನಾನು ಸುಳ್ಳು ಹೇಳಿದ್ದೆನೋ ಅದೇ ನೃತ್ಯ...

ಏಳು ವರ್ಷ ನಾನು ಬಾಯಿ ಬಿಡಲಿಲ್ಲ. ಆಪರೇಷನ್ ಮಾಡಿದವರನ್ನು ನೀನು ಬೈದಾಗಲೂ ಹೂಂಗುಟ್ಟಿದೆ, ಅವರ ತಪ್ಪೇನೂ ಇಲ್ಲವೆಂದು ಗೊತ್ತಿದ್ದೂ. ಮೊನ್ನೆ ಫೋನಿನಲ್ಲಿ ನಾನು ಅತ್ತಾಗ ನೀನೇ ನನ್ನನ್ನು ಸಮಾಧಾನ ಮಾಡಿದೆ: "ನೋಬಡಿ ಕುಡ್ ಹ್ಯಾವ್ ನೋನ್, ಅಮ್ಮ. ಅಳ್ಬೇಡ."

ಅದನ್ನು ಇನ್ನು ತಾಳಲಾರೆ. ಶನಿವಾರ ನೀನಿರುವ ಡೆಸ್ ಪ್ಲೇನ್ಸ್‌ಗೆ ನಾನೇ ಡ್ರೈವ್ ಮಾಡಿಕೊಂಡು ಬರುತ್ತೇನೆ. ಬಾಗಿಲು ತೆರೆಯುವ ಮೊದಲೇ ನಿನಗೆ ತಿಳಿದಿರಲಿ ಎಂದು ಇದನ್ನು ಬರೆದೆ, ತೆರೆಯದಿದ್ದರೂ ತಪ್ಪಿಲ್ಲ.

ಯಾರಿಗೂ ಗೊತ್ತಿರಲಿಲ್ಲ ಎಂದು ಇನ್ನು ಹೇಳಬೇಡ, ಮಗಳೇ. ನನಗೆ ಗೊತ್ತಿತ್ತು.