ಲೋಕದ ವ್ಯಾಪಾರ ಕಲಿತ ಅತ್ತೆ

ನಮ್ಮತ್ತೆಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಕುದಿಯುವ ನೀರಿನಲ್ಲಿ ರೇಷ್ಮೆಗೂಡು ತಿರುವಿ, ಎಳೆಯ ತುದಿ ಹುಡುಕಿ ಹುಡುಕಿ, ಬೆರಳ ಚರ್ಮವೆಲ್ಲ ನೆನೆಸಿದ ಅವಲಕ್ಕಿಯ ಹಾಗೆ ಬೆಳ್ಳಗೆ ಉಬ್ಬಿಕೊಂಡಿರುತ್ತಿತ್ತು. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಬೆಂದ ಹುಳುವಿನ ವಾಸನೆ ಹೋಗುತ್ತಿರಲಿಲ್ಲ. ಆ ಕೈಯಿಂದಲೇ ನನಗೆ ಮುದ್ದೆ ಕಟ್ಟಿ ಇಕ್ಕುತ್ತಿದ್ದಳು. ಮುದ್ದೆಯ ಬಿಸಿ ಅವಳ ಕೈಗೆ ತಾಕುತ್ತಲೇ ಇರಲಿಲ್ಲ.

ಅವಳು ನನ್ನ ತಂದೆಯ ತಂಗಿ. ಮಕ್ಕಳಿಲ್ಲದ ವಿಧವೆ. ಬಂಗಾರಪೇಟೆಯಲ್ಲಿ ರೈಲ್ವೆ ಗೇಟಿನಾಚೆ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ನಾನು ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ಟೀಚರಾಗಿ ಸೇರಿದ್ದೆ. ಶನಿವಾರ ಶಾಲೆ ಬಿಟ್ಟೊಡನೆ ರೈಲು ಹತ್ತಿ ಅವಳ ಮನೆಗೆ ಹೋಗುತ್ತಿದ್ದೆ. ಹೋದವಳು ಕಾಲು ತೊಳೆಯುವ ಮೊದಲೇ ಅವಳು ಪೇಪರು ಮುಂದಿಡುತ್ತಿದ್ದಳು. ಕೊಲೆ, ಸಿನಿಮಾ ಅವಳಿಗೆ ಬೇಡ. ಯಾವ ದೇಶದಿಂದ ಏನು ಬಂತು, ಯಾವುದರ ಮೇಲೆ ಸುಂಕ ಏರಿತು, ಯಾವುದಕ್ಕೆ ಲೈಸೆನ್ಸು ಕೊಟ್ಟರು, ಅಷ್ಟನ್ನೇ ಓದಿಸುತ್ತಿದ್ದಳು. ಅಕ್ಷರ ಬಾರದ ಹೆಂಗಸಿಗೆ ಇದೇಕೆ ಎಂದು ಮೊದಮೊದಲು ನನಗೆ ನಗು ಬರುತ್ತಿತ್ತು. ಅವಳು ಓದಿಸುತ್ತಿದ್ದುದು ಒಬ್ಬ ಮನುಷ್ಯನ ಗುಟ್ಟು ಹಿಡಿಯಲು ಎಂದು ಆಮೇಲೆ ತಿಳಿಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಹೊರದೇಶದ ರೇಷ್ಮೆ ಬರುವುದು ನಿಂತಿತ್ತು. ಪ್ಯಾರಾಚೂಟಿಗೆಂದು ಸರ್ಕಾರವೇ ನಮ್ಮ ಕಡೆಯ ನೂಲನ್ನು ಕೊಳ್ಳುತ್ತಿತ್ತು. ಆಗ ಅತ್ತೆಯ ಗಂಡ, ನಮ್ಮ ಮಾವ, ಗೂಡಿನಿಂದ ನೂಲು ತೆಗೆಯುವ ಸ್ವಂತ ಚರಕದ ಮನೆ ಮಾಡಿದ್ದರು. ಯುದ್ಧ ಮುಗಿದು ಹಡಗುಗಳು ಮತ್ತೆ ಓಡಾಡತೊಡಗಿದಾಗ, ಕಡಿಮೆ ಬೆಲೆಗೆ ಹೊರಗಿನ ನೂಲು ಬರುತ್ತದೆಂಬ ಸುದ್ದಿ ಹಬ್ಬಿತು. ಊರಿನ ನೂಲನ್ನೆಲ್ಲ ಕೊಳ್ಳುತ್ತಿದ್ದ ಮಂಡಿ ಸಾಹುಕಾರರು ಎಲ್ಲರನ್ನೂ ಕೂರಿಸಿಕೊಂಡು, "ಹೆದರಬೇಡ್ರಯ್ಯ, ಸರ್ಕಾರ ಅದನ್ನ ತಡೀತದೆ. ಗೂಡು ಕೊಂಡು ನೂಲು ತೆಗೀತಾ ಇರಿ" ಎಂದರು. ಮಾವ ನಂಬಿದರು. ಮನೆಯಲ್ಲಿ ನೂಲು ಸೇರುತ್ತಾ ಹೋಯಿತು. ಒಂದು ಮಧ್ಯಾಹ್ನ ಅತ್ತೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಮುಂದೆ ಬರುವಾಗ, ಯಾವುದೋ ದೇಶದ ಅಕ್ಷರವಿದ್ದ ಮೂಟೆಗಳನ್ನು ಸಾಹುಕಾರರ ಎತ್ತಿನಗಾಡಿಗೆ ಹೇರುತ್ತಿದ್ದರು. ಹರಿದ ಮೂಲೆಯಿಂದ ಹೊರದೇಶದ ರೇಷ್ಮೆ ಇಣುಕುತ್ತಿತ್ತು.

ಗಂಡ ಹೆಂಡತಿ ಇಬ್ಬರೂ ಮಂಡಿಗೆ ಹೋಗಿ ಕೇಳಿದರು. ಸಾಹುಕಾರರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದೇಳಲೂ ಇಲ್ಲ. "ಅದು ನಿಮಗ್ಯಾಕಯ್ಯ? ಲೋಕದ ವ್ಯಾಪಾರ. ನಿಮ್ಮ ತಲೆಗೆ ಹತ್ತೋದಲ್ಲ" ಎಂದು ನಕ್ಕರಂತೆ.

ಊರಿನ ನೂಲನ್ನು ಕೇಳುವವರೇ ಇಲ್ಲವಾಯಿತು. ಚರಕದ ಮನೆ ಮುಚ್ಚಿ ಮಾವ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ಕೂಲಿಗೆ ಇಳಿದರು. ಉರಿಗಾಂನಲ್ಲಿ ಗಣಿ ಕೂಲಿಗಳ ಲೈನ್ ಮನೆಯಲ್ಲಿ ಸಂಸಾರ. ಮಲ್ಬರಿ ಸೊಪ್ಪಿನ ನಡುವೆ ಹುಟ್ಟಿ ಬೆಳೆದ ಮನುಷ್ಯ ಭೂಮಿಯ ಹೊಟ್ಟೆಯೊಳಗೆ ಬಹಳ ದಿನ ಬಾಳಲಿಲ್ಲ. ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳ ಪಾತ್ರೆ ಅಲುಗಾಡುವುದು ಅಲ್ಲಿಯವರಿಗೆ ಮಾಮೂಲು. ಆ ದಿನವೂ ಅತ್ತೆ ಅಲುಗಿದ ತಟ್ಟೆಯನ್ನು ಸರಿಯಾಗಿಟ್ಟು ಸಾರಿಗೆ ಒಗ್ಗರಣೆ ಹಾಕಿದ್ದಳು. ಸಂಜೆ ಹೆಣ ಬಂತು.

"ಬಂಡೆ ಕೊಲ್ಲಲಿಲ್ಲ ಕಣೇ" ಎನ್ನುತ್ತಿದ್ದಳು. "ಬಂಡೆಗೇನು ಗೊತ್ತು ಪಾಪ."

ತಿಥಿ ಮುಗಿಸಿ ಬಂಗಾರಪೇಟೆಗೆ ಬಂದವಳು ನೇರ ಸಾಹುಕಾರರು ಹೊಸದಾಗಿ ತೆರೆದಿದ್ದ ಚರಕದ ಶೆಡ್ಡಿಗೇ ಕೂಲಿಗೆ ಸೇರಿದಳು. ನಮ್ಮ ತಂದೆ ಎಷ್ಟೋ ಸಲ ಕರೆದರು, ಬರಲಿಲ್ಲ. ಸುಮ್ಮನೆ ಮರೆತುಬಿಡು ಎಂದು ನಾನೂ ಒಮ್ಮೆ ಹೇಳಿದ್ದೆ.

"ಮರೆಯೋರಿಗೆ ದ್ಯಾವ್ರು ಒಳ್ಳೆ ನಿದ್ದೆ ಕೊಡ್ತಾನಂತೆ. ನಂಗೆ ಬ್ಯಾಡ. ನಾನು ಎಚ್ಚರಾಗೇ ಇರ್ತೀನಿ" ಎಂದಳು.

ಒಮ್ಮೆ ಪೇಪರಿನಲ್ಲಿ ದೇಶದೇಶಗಳ ಸುಂಕದ ಒಪ್ಪಂದದ ಸುದ್ದಿ ಬಂದಿತ್ತು. ದೊಡ್ಡ ದೇಶಗಳೂ ಸಣ್ಣ ದೇಶಗಳೂ ದೂರದ ಊರಿನಲ್ಲಿ ಕೂತು, ಒಬ್ಬರ ಸರಕಿಗೆ ಇನ್ನೊಬ್ಬರು ಹಾಕುವ ಸುಂಕ ಇಳಿಸಬೇಕೆಂದು ಮಾತಾಡುತ್ತವೆ, ಹೊರಗಿನ ಹಣಕ್ಕೆ ಬರ ಬಂದ ನಮ್ಮಂಥ ದೇಶ ಮಾತ್ರ ಸ್ವಲ್ಪ ದಿನ ಬಿಗಿಯಾಗಿರಬಹುದು ಎಂದು ನಾನು ತಿಳಿದಷ್ಟು ಬಿಡಿಸಿ ಹೇಳಿದೆ.

"ಅಲ್ಲಿ ನಮ್ಮೋರು ಕೂತಿದ್ರಾ?"

"ಇದ್ದರು ಅತ್ತೆ. ಸರ್ಕಾರದವರು."

"ನೂಲು ತೆಗೆಯೋರು?"

"ಇಲ್ಲ."

ಪೇಪರು ಮಡಿಸಿಟ್ಟು ಅಂದಳು: "ಸುಂಕ ಅಂದ್ರೆ ಬೇಲಿ. ಎಷ್ಟೇ ಗಟ್ಟಿ ಬೇಲಿಗೂ ಒಂದು ದಿಡ್ಡಿಬಾಗ್ಲು ಇರ್ತೈತೆ. ಅದರ ಚಿಲಕ ಯಾರ ಕೈಲೈತೆ, ಅದನ್ನ ನೋಡ್ಬೇಕು."

ಚಿಲಕ ಸಾಹುಕಾರರ ಕೈಯಲ್ಲಿತ್ತು. ಅಷ್ಟುಹೊತ್ತಿಗೆ ಸರ್ಕಾರ ಹೊರಗಿನ ರೇಷ್ಮೆಯ ಮೇಲೆ ಭಾರಿ ಸುಂಕ ಹೇರಿ, ಬಟ್ಟೆ ನೇಯ್ದು ವಿದೇಶಕ್ಕೆ ಕಳಿಸುವ ಕಾರ್ಖಾನೆಗಳಿಗೆ ಮಾತ್ರ ಅದನ್ನು ತರಿಸಿಕೊಳ್ಳಲು ಲೈಸೆನ್ಸು ಕೊಡುತ್ತಿತ್ತು. ಸಾಹುಕಾರರು ತಮಗೆ ಮಗ್ಗದ ಕಾರ್ಖಾನೆ ಇದೆಯೆಂದು ಬರೆದುಕೊಟ್ಟು ಲೈಸೆನ್ಸು ಪಡೆದಿದ್ದರು. ತರಿಸಿದ ನೂಲನ್ನು ನೇಯದೆ ಹಾಗೆಯೇ ಕಾಳಸಂತೆಗೆ ಬಿಡುತ್ತಿದ್ದರು. ತನಿಖೆಗೆ ಬರುವವರ ಸುಳಿವು ಮೊದಲೇ ಸಿಕ್ಕರೆ ಎಲ್ಲಿಂದಲೋ ಮಗ್ಗ ತಂದು ನಿಲ್ಲಿಸುತ್ತಿದ್ದರು. ಅವರು ಹೋದ ಮೇಲೆ ಮಗ್ಗವೂ ಹೋಗುತ್ತಿತ್ತು. ಇದು ಕೂಲಿ ಹೆಂಗಸರಿಗೆಲ್ಲ ಗೊತ್ತಿತ್ತು. ಹೇಳುವ ಜಾಗ ಇರಲಿಲ್ಲ. ನಾನು ಅರ್ಜಿ ಬರೆಯೋಣವೆಂದಾಗ ಅತ್ತೆ ತಲೆಯಾಡಿಸಿದಳು. "ಅರ್ಜಿ ಸುತ್ತಿ ಬಳಸಿ ಅವನ ಮೇಜಿಗೇ ಬತ್ತೈತೆ. ನಾಲ್ಕು ಜನ ನೋಡೋವಾಗ ಆಗ್ಬೇಕು."

ಐವತ್ತರ ದಶಕದ ಕೊನೆಯಲ್ಲಿ ಆ ಗಳಿಗೆ ಬಂತು. ರೇಷ್ಮೆಯ ಸುಂಕ ಮುಂದುವರಿಸಬೇಕೇ ಇಳಿಸಬೇಕೇ ಎಂದು ವಿಚಾರಿಸಲು ದೆಹಲಿಯ ಕಡೆಯಿಂದ ಒಂದು ಸಮಿತಿ ಊರೂರು ತಿರುಗುತ್ತಾ ಬಂಗಾರಪೇಟೆಯ ಸರ್ಕಾರಿ ಬಂಗಲೆಗೂ ಬಂತು. ಯಾರು ಬೇಕಾದರೂ ಬಂದು ಹೇಳಬಹುದು ಎಂದು ತಮಟೆ ಹೊಡೆಸಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ. ಅತ್ತೆ ನನ್ನನ್ನು ರಜೆ ಹಾಕಿಸಿ ಕರೆದೊಯ್ದಳು.

ಸಾಹುಕಾರರು ಜರಿಪೇಟ ಸುತ್ತಿ ಮುಂದಿನ ಕುರ್ಚಿಯಲ್ಲಿದ್ದರು. ಎದ್ದು ನಿಂತು, ನಮ್ಮ ಊರಿನ ನೂಲು ಒರಟು, ಕೂಲಿಯವರು ಸೋಮಾರಿಗಳು, ತೂಕಕ್ಕೆ ನೀರು ಹಿಡಿಸುತ್ತಾರೆ, ಆದ್ದರಿಂದ ತಮ್ಮ ಮಗ್ಗಗಳಿಗೆ ಹೊರದೇಶದ ನೂಲು ಇನ್ನಷ್ಟು ಬೇಕು ಎಂದರು. ನಾನು ಅದನ್ನು ಅತ್ತೆಯ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದೆ. ಅವಳು ಸೆರಗು ಬಿಗಿದು ಎದ್ದಳು.

"ಇವನು ಸುಳ್ಳ. ಕಳ್ಳ."

ಯಜಮಾನರು ಹೇಳಿದ್ದರಲ್ಲಿ ಕೆಲವು ವಿಷಯ ವಾಸ್ತವಕ್ಕೆ ಹೊಂದದೇ ಇರಬಹುದು ಎಂದೇನೋ ಇಂಗ್ಲಿಷಿನಲ್ಲಿ ಹೇಳಿದೆ.

ಅತ್ತೆ ನನ್ನ ಕಡೆ ತಿರುಗಿದಳು. "ಲೇ, ನಾನು ಆಡಿದ್ದು ಎರಡೇ ಮಾತು. ನೀನ್ಯಾಕೆ ಅಷ್ಟುದ್ದ ಎಳೀತಿದೀಯ? ನಾನು ಅಂದಿದ್ದೇ ಅನ್ನು."

ಅವಳಂದದ್ದನ್ನೇ ಅಂದೆ. ಅತ್ತೆ ಸಮಿತಿಯವರ ಕಡೆ ತಿರುಗಿದಳು.

"ಸಾಮಿ, ಅವರ ಮಗ್ಗದ ಮನೇಲಿ ಮಗ್ಗ ಇಲ್ಲ. ಹುಣಸೆಹಣ್ಣು ತುಂಬವ್ರೆ. ಈಗ್ಲೇ ಬನ್ನಿ, ನಾಳೆ ಅಂದ್ರೆ ಮಗ್ಗ ಬಂದುಬಿಡ್ತಾವೆ."

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಸಮಿತಿಯ ಮುಖ್ಯಸ್ಥರು ವಯಸ್ಸಾದವರು. ಕನ್ನಡಕ ತೆಗೆದು ಒರೆಸಿಕೊಂಡು, ಕೊಡೆ ಹಿಡಿದು ಎದ್ದರು. ಸಾಹುಕಾರರು ಓಡಿಬಂದು, ಶೆಡ್ಡಿನ ಬೀಗದಕೈ ಮಗನ ಹತ್ತಿರ ಇದೆ, ಅವನು ಕೋಲಾರಕ್ಕೆ ಹೋಗಿದ್ದಾನೆ ಎಂದರು.

"ಬೀಗ ಯಾಕೆ ಸಾಮಿ? ಕಿಟಕಿ ತಾವ ಮೂಗಿಟ್ರೆ ಸಾಕು."

ಅರ್ಧ ಬಂಗಾರಪೇಟೆ ಆ ಬಿಸಿಲಲ್ಲಿ ಮೆರವಣಿಗೆ ಹೊರಟಿತು. ಮುಖ್ಯಸ್ಥರು ಕಿಟಕಿಯ ಬಳಿ ನಿಂತರು. ಮೂಗು ಇಡಬೇಕಾಗಿರಲಿಲ್ಲ, ಬೀದಿಗೇ ಹುಳಿ ವಾಸನೆ ಹೊಡೆಯುತ್ತಿತ್ತು. ಅವರು ಸಾಹುಕಾರರ ಕಡೆ ತಿರುಗಿ ಶಾಂತವಾಗಿ, ಈ ಮಗ್ಗಗಳಲ್ಲಿ ಯಾವ ಬಟ್ಟೆ ನೇಯುತ್ತೀರಿ ಎಂದು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೊಡನೆ ಜನ ಹೋ ಎಂದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಸಾಹುಕಾರರ ಎದುರಿಗೆ ಹೋಗಿ, "ಲೋಕದ ವ್ಯಾಪಾರ ಸಾವ್ಕಾರ್ರೇ. ನನ್ನ ತಲೆಗೂ ಹತ್ತಿತು" ಎಂದಳು.

ಲೈಸೆನ್ಸು ಹೋಯಿತು, ಕೇಸು ಬಿತ್ತು. ಮಂಡಿಯ ಜೊತೆಗೆ ಚರಕದ ಶೆಡ್ಡಿಗೂ ಬೀಗ ಬಿತ್ತು. ಕೆಲಸ ಕಳೆದುಕೊಂಡ ಹೆಂಗಸರು ಅತ್ತೆಯ ಬಾಗಿಲಿಗೆ ಬಂದು ಮಣ್ಣು ತೂರಿದರು. "ನಿನ್ನ ಸೇಡಿಗೆ ನಮ್ಮ ಗಂಜಿ ಬೇಕಾಯ್ತಾ?" ಎಂದು ಒಬ್ಬಳು ಕೂಗಿದಳು. ಅತ್ತೆ, "ಬಯ್ಯಲಿ. ಅವರದು ನ್ಯಾಯ" ಎಂದಷ್ಟೇ ನನಗೆ ಹೇಳಿದಳು. ತಾನೂ ಬೇರೊಬ್ಬರ ಅಂಗಳದಲ್ಲಿ ಹುಣಸೆ ಬೀಜ ಬಿಡಿಸುವ ಕೂಲಿಗೆ ಹೋದಳು. ಪಶ್ಚಾತ್ತಾಪ ಪಟ್ಟಿದ್ದನ್ನು ನಾನು ನೋಡಲಿಲ್ಲ.

ಕೆಲವು ವರ್ಷಗಳಾದ ಮೇಲೆ ಸಾಹುಕಾರರಿಗೆ ಲಕ್ವ ಹೊಡೆಯಿತು. ಒಂದು ಭಾನುವಾರ ಅವರ ಹೆಂಡತಿ ತಾವೇ ಜಟಕಾದಲ್ಲಿ ಬಂದರು. ಆ ಮನೆಯ ಹೆಂಗಸು ಬೀದಿಗೆ ಬಂದದ್ದನ್ನು ನಾವ್ಯಾರೂ ಕಂಡವರಲ್ಲ. "ಒಂದ್ಸಲ ಬಾಮ್ಮ. ನಿನ್ನನ್ನ ನೋಡಬೇಕಂತೆ" ಎಂದರು. ಅತ್ತೆ ಎದ್ದಳು. ನಾನೂ ಹೋದೆ.

ಮಂಚದ ಮೇಲೆ ಒಣಗಿದ ಕಡ್ಡಿಯಂತಿದ್ದರು ಸಾಹುಕಾರರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ತೊದಲುತ್ತಾ, "ಕ್ಷಮಿಸಿದೀನಿ ಅಂತ ಒಂದು ಮಾತು ಅನ್ನಮ್ಮ" ಎಂದರು.

ನನ್ನ ಕಣ್ಣು ತುಂಬಿತ್ತು. ಅತ್ತೆ ಅವರನ್ನೇ ನೋಡುತ್ತಾ ನಿಂತು, ದನಿ ಏರಿಸದೆ ಹೇಳಿದಳು: "ಅದನ್ನ ನೀವು ನನ್ನ ಗಂಡನ್ನ ಕೇಳ್ಬೇಕು. ಎಂಗಿದ್ರೂ ಹೊರಟಿದೀರಲ್ಲ, ಅಲ್ಲೇ ಸಿಗ್ತಾನೆ. ಕೇಳಿ."

ಹೊಸ್ತಿಲ ಬಳಿ ಸಾಹುಕಾರರ ಹೆಂಡತಿ ಗೋಡೆ ಹಿಡಿದು ನಿಂತಿದ್ದರು. ಅತ್ತೆ ಅವರ ಕೈ ಹಿಡಿದು, "ನಿಮ್ಮ ಮ್ಯಾಲೆ ನಂಗೇನೂ ಇಲ್ಲಮ್ಮ" ಎಂದು ಇಳಿದು ಬಂದಳು. ಆ ವಾರವೇ ಸಾಹುಕಾರರು ತೀರಿಕೊಂಡರು.

ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆಂದು ನಾನು ಓದಿದ್ದೆ. ಅತ್ತೆ ಕಾಯಿಲೆ ಬಿದ್ದು ಮಲಗಿದಾಗ ಅದನ್ನೇ ಕೇಳಿದೆ.

"ಖಾಲಿ ಯಾಕಾಗ್ತೈತೆ? ಉಂಡಂಗೈತೆ" ಎಂದು ಮಗ್ಗುಲಾದಳು.

ಅರವತ್ತರ ದಶಕ ಮುಗಿಯುವ ಮೊದಲೇ, ಒಂದು ಮುಂಜಾನೆ ಅವಳು ಹೋದಳು. ಮಣ್ಣು ತೂರಿದ್ದ ಹೆಂಗಸರೂ ಬಂದಿದ್ದರು. ಹೆಣಕ್ಕೆ ನೀರು ಹಾಕುವ ಹೊತ್ತಿಗೆ ಗುಂಪು ಸರಿದು ದಾರಿ ಬಿಟ್ಟಿತು. ಸಾಹುಕಾರರ ಹೆಂಡತಿ ಬರಿಗಾಲಲ್ಲಿ ನಡೆದು ಬಂದಿದ್ದರು. ಹತ್ತಿರ ಬಂದು ನನ್ನ ಕೈಯಲ್ಲಿದ್ದ ಚೊಂಬನ್ನು ತೆಗೆದುಕೊಂಡರು.

"ಇವಳು ಬಂದು ಹೋದ ಮೇಲೆ ಅವರು ಬಾಯಿ ಬಿಡಲೇ ಇಲ್ಲ" ಎಂದರು ಮೆಲ್ಲಗೆ. "ಅದಕ್ಕೂ ಮೊದಲು ನನ್ನನ್ನೂ ಕೇಳಿದ್ರು ಕಣಮ್ಮ, ಕ್ಷಮಿಸಿದೀಯಾ ಅಂತ. ಹೂಂ ಅಂದುಬಿಟ್ಟೆ. ನನ್ನನ್ನ ಹೊಸ್ತಿಲೊಳಗೇ ಕೂರಿಸಿದ್ದನ್ನ ನಾನೂ ಕ್ಷಮಿಸಿರಲಿಲ್ಲ. ಇಲ್ಲ ಅನ್ನೋ ಧೈರ್ಯ ಇವಳಿಗಿತ್ತು."

ಹಾಗೆಂದು ಚೊಂಬು ಬಗ್ಗಿಸಿ ಅತ್ತೆಯ ತಲೆಯ ಮೇಲೆ ನೀರು ಹೊಯ್ದರು.